ನಂದಿಯ ಮೆಟ್ಟಿಲು, ಶರಾವತಿಯ ದ್ವೀಪ

ಮಕ್ಕಳು ಒಂದು ಕೆಲಸವನ್ನು ಕಷ್ಟಪಟ್ಟು ಸಾಧಿಸಿದಾಗ ಅವರಿಗೆ ಯಾವ ಬಹುಮಾನವನ್ನು ಕೊಡಬೇಕೆಂಬುದು ಗೃಹಸ್ಥರಿಗೆಲ್ಲ ಒಂದಲ್ಲ ಒಂದು ಸಲ ಬರುವ ಪ್ರಶ್ನೆ. ಹೊಸ ಬಟ್ಟೆ, ಕೈಗಡಿಯಾರ, ಸಿಹಿತಿಂಡಿ, ಇವು ಸುಲಭವಾದ ಉತ್ತರಗಳು. ೨೦೧೮ನೆಯ ವರ್ಷದಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ನಂದಿಬೆಟ್ಟದ ಮೆಟ್ಟಿಲುಗಳಲ್ಲಿ ಮೊದಲಾಗಿ ಶರಾವತಿಯ ಹಿನ್ನೀರಿನ ನಡುವಣ ಒಂದು ದ್ವೀಪದಲ್ಲಿ ಮುಗಿದ ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಊರು ಶಿಡ್ಲಘಟ್ಟ. ಮಗಳಿಗೆ ಆಗ ಹದಿನಾಲ್ಕು ವರ್ಷ, ಮಗನಿಗೆ ಹತ್ತು. ಹುಡುಗನಿಗೆ ನಾಲ್ಕನೆಯ ವಯಸ್ಸಿನಿಂದಲೂ ಉಬ್ಬಸದ ಬಾಧೆ. ಇಬ್ಬನಿ ಬಿದ್ದರೆ ಉಬ್ಬಸ, ಮೋಡ ಕವಿದರೆ ಉಬ್ಬಸ. ಓಡಬೇಡ, ನೆನೆಯಬೇಡ, ಹತ್ತಬೇಡ ಎಂಬ ಮೂರು ‘ಬೇಡ’ಗಳ ನಡುವೆ ಅವನ ಬಾಲ್ಯವು ಕಳೆಯುತ್ತಿದ್ದಿತು. ರಾತ್ರಿ ಅವನ ಉಸಿರಿನ ಸದ್ದಿಗೆ ಕಿವಿಗೊಟ್ಟು ಮಲಗುವುದು ನನಗೂ ನನ್ನ ಪತ್ನಿಗೂ ರೂಢಿಯಾಗಿ ಹೋಗಿದ್ದಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ವೈದ್ಯರು ಅವನ ಎದೆಯನ್ನು ಪರೀಕ್ಷಿಸಿ, “ಔಷಧಿ ಕ್ರಮವಾಗಿ ನಡೆದಿದೆ, ರೋಗ ಹತೋಟಿಯಲ್ಲಿದೆ. ಇನ್ನು ಮೇಲೆ ಇವನನ್ನು ಕೂರಿಸಿಡಬೇಡಿ. ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿ; ಸೇದುವ ಔಷಧಿ ಮಾತ್ರ ಸದಾ ಜೇಬಿನಲ್ಲಿರಲಿ” ಎಂದರು. ನಾವು ಸಂತೋಷಪಡುವುದಕ್ಕಿಂತ ಹೆಚ್ಚಾಗಿ ಹೆದರಿದೆವೆಂದರೆ ತಪ್ಪಾಗದು. ಎಷ್ಟೋ ವರ್ಷ ಬೇಡವೆಂದ ಬಾಯಿಗೆ ಆಗಲಿ ಎನ್ನುವುದು ಸುಲಭವಲ್ಲ.

ದಾರಿಯನ್ನು ತೋರಿಸಿದವಳು ಮಗಳು. “ಅಪ್ಪ, ನಂದಿ ಬೆಟ್ಟದ ಮೆಟ್ಟಿಲು ಇದೆಯಲ್ಲ! ಒಂದೇ ದಿನ ತುದಿ ಮುಟ್ಟಬೇಕು ಅಂತ ಏನೂ ಇಲ್ಲ” ಎಂದಳು.

ನಂದಿದುರ್ಗವು ೪,೮೫೧ ಅಡಿ ಎತ್ತರವಿರುವುದು. ಈಗಿನ ಪ್ರವಾಸಿಗಳಲ್ಲಿ ಬಹುಮಂದಿ ಮೋಟಾರಿನಲ್ಲಿ ಸುತ್ತಿಕೊಂಡು ಮೇಲಕ್ಕೆ ಹೋಗಿಬಿಡುವರು. ಸುಲ್ತಾನಪೇಟೆಯ ಕಡೆಯಿಂದ ಏರುವ ಹಳೆಯ ಮೆಟ್ಟಿಲ ದಾರಿಯನ್ನು ಬಲ್ಲವರು ಕಡಿಮೆ. ಮೆಟ್ಟಿಲುಗಳು ೧,೧೭೫ ಎಂದು ಜನ ಹೇಳುವರು. ನಮ್ಮ ಮಗಳ ಎಣಿಕೆಯಾದರೋ ಒಂದೊಂದು ವಾರಕ್ಕೆ ಒಂದೊಂದು ಬಗೆ. ೧೭೯೧ರ ಅಕ್ಟೋಬರಿನಲ್ಲಿ ಕಾರನ್‌ವಾಲಿಸನ ಸೈನ್ಯವು ಟಿಪ್ಪುವಿನ ಈ ಕೋಟೆಯನ್ನು ಹಿಡಿಯುವುದಕ್ಕೆ ಮೂರು ವಾರಗಳ ಕಾಲ ಹೆಣಗಬೇಕಾಯಿತು. ೧೯೨೭ರಲ್ಲಿ ಮಹಾತ್ಮ ಗಾಂಧಿಯವರು ಕಾಯಿಲೆಯಿಂದ ಬಳಲಿ, ಈ ಬೆಟ್ಟದ ಮೇಲೆಯೇ ಸುಮಾರು ಒಂದೂವರೆ ತಿಂಗಳು ತಂಗಿ ಚೇತರಿಸಿಕೊಂಡರು. ಈ ಎರಡನೆಯ ಸಂಗತಿಯನ್ನು ನನ್ನ ಪತ್ನಿ ಹುಡುಗನಿಗೆ ಪದೇ ಪದೇ ಹೇಳುತ್ತಿದ್ದಳು.

ಜುಲೈ ತಿಂಗಳಿನಲ್ಲಿ ಅಭ್ಯಾಸವು ಮೊದಲಾಯಿತು. ವಾರದ ದಿನಗಳಲ್ಲಿ ಬೆಳಗ್ಗೆ ಕೆರೆಯ ಏರಿಯ ಮೇಲೆ ನಡಿಗೆ, ಭಾನುವಾರ ನಂದಿ. ಮೊದಲನೆಯ ಭಾನುವಾರ ಇನ್ನೂರು ಮೆಟ್ಟಿಲು ಹತ್ತಿ ಹಿಂತಿರುಗಿದೆವು. ವಾರಕ್ಕೆ ಐವತ್ತರಂತೆ ಹೆಚ್ಚಿಸುವುದೆಂದು ಗೊತ್ತುಮಾಡಿದೆವು. ವೈದ್ಯರು ಹೇಳಿಕೊಟ್ಟಿದ್ದ ನಿಯಮ ಒಂದೇ: ಹತ್ತುತ್ತ ಹತ್ತುತ್ತ ಮಾತನಾಡುವುದಕ್ಕೆ ಸಾಧ್ಯವಾಗಬೇಕು, ಮಾತು ತುಂಡಾದರೆ ನಿಲ್ಲಬೇಕು. ದೇಹದ ತಾಳ್ಮೆಯು ಬೆಳೆಯುವುದು ಹೀಗೆ ಹದವರಿತು ದುಡಿದಾಗಲೇ ಹೊರತು ಏದುಸಿರು ಬಿಡುತ್ತ ಓಡಿದಾಗಲ್ಲ. ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚಾದುದರಿಂದ ಓರೆಯಾಗಿ, ಸಣ್ಣ ಹೆಜ್ಜೆಯಿಟ್ಟು ಇಳಿಯತಕ್ಕದ್ದು. ಚೀಲದಲ್ಲಿ ನೀರು, ಬೇಯಿಸಿದ ಕಡಲೆಕಾಯಿ, ರಾಗಿಯ ಅಂಬಲಿ. ನಡುನಡುವೆ ಒಂದು ಭಾನುವಾರ ಚಿಂತಾಮಣಿಯ ನಂಟರ ಮನೆಗೆ ಹೋಗಿ ಅಂಬಾಜಿದುರ್ಗವನ್ನು ಹತ್ತಿದೆವು. ಇನ್ನೊಂದು ವಾರ ಗೌರಿಬಿದನೂರಿನಲ್ಲಿರುವ ನನ್ನ ಅಕ್ಕನ ಮನೆಯಿಂದ ವಿದುರಾಶ್ವತ್ಥಕ್ಕೆ ನಡೆದೇ ಹೋದೆವು. ಈ ಅಭ್ಯಾಸದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ನಾನು. ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ದೇಹ. ಮುನ್ನೂರನೆಯ ಮೆಟ್ಟಿಲಿನಲ್ಲಿ ನನಗಾಗಿ ಹುಡುಗನೇ ಕಾದು ನಿಲ್ಲುತ್ತಿದ್ದನು.

ಎಲ್ಲವೂ ಸರಾಗವಾಗಿ ನಡೆಯಿತೆಂದು ಹೇಳಲಾರೆ. ಸೆಪ್ಟೆಂಬರಿನ ಒಂದು ಬೆಳಗ್ಗೆ ಆರುನೂರನೆಯ ಮೆಟ್ಟಿಲಿನ ಹತ್ತಿರ ಅವನಿಗೆ ಕೆಮ್ಮು ಹತ್ತಿತು; ಎದೆಯಲ್ಲಿ ಆ ಪರಿಚಿತವಾದ ಸಿಳ್ಳು ಕೇಳಿಸಿತು. ಔಷಧಿ ಸೇದಿಸಿ, ಬಂಡೆಯ ಮೇಲೆ ಕೂರಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಉಸಿರು ತಿಳಿಯಾಯಿತು. ಆದರೆ ಅವನ ತಾಯಿಯ ಮನಸ್ಸು ತಿಳಿಯಾಗಲಿಲ್ಲ. “ಸಾಕು, ಇನ್ನು ಮನೆಗೆ ಹೋಗೋಣ. ಇವನು ಬೆಟ್ಟ ಹತ್ತಿ ಯಾವ ರಾಜ್ಯ ಗೆಲ್ಲಬೇಕಾಗಿದೆ?” ಎಂದಳು. ಇಳಿಯುವಾಗ ಹುಡುಗನು ಒಂದು ಮಾತನ್ನೂ ಆಡಲಿಲ್ಲ. ಕೆಳಗೆ ಬಂದಮೇಲೆ ಅತ್ತುಬಿಟ್ಟನು. ಎರಡು ಭಾನುವಾರಗಳು ಬರಿದೇ ಕಳೆದವು. ವೈದ್ಯರು ಮತ್ತೆ ಪರೀಕ್ಷಿಸಿ ಧೈರ್ಯ ಹೇಳಿದರು. ಮೂರನೆಯ ಭಾನುವಾರ ಬೆಳಗಿನ ಜಾವದಲ್ಲಿ ಎದ್ದು ನೋಡುತ್ತೇನೆ, ನನ್ನ ಪತ್ನಿಯೇ ಕಡಲೆಕಾಯಿಯನ್ನು ಬೇಯಲಿಟ್ಟಿದ್ದಳು. ನಾನು ಏನನ್ನೂ ಕೇಳಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಸೂರ್ಯೋದಯದ ತರುವಾಯ ನಾಲ್ವರೂ ತುದಿಯನ್ನು ಮುಟ್ಟಿದೆವು. ಕೆಳಗೆ ಲೋಕವೇ ಇರಲಿಲ್ಲ. ಬಯಲೆಲ್ಲ ಬಿಳಿಯ ಮಂಜಿನಲ್ಲಿ ಮುಳುಗಿ, ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಗಿರಿಗಳ ನೆತ್ತಿಗಳು ಮಾತ್ರ ಅಲ್ಲಲ್ಲಿ ತೇಲುತ್ತಿದ್ದವು. ಹುಡುಗನು ಬಹಳ ಹೊತ್ತು ನೋಡಿ, “ಅಪ್ಪ, ಇವೆಲ್ಲ ದ್ವೀಪಗಳ ಹಾಗಿವೆ. ನಿಜವಾದ ದ್ವೀಪದ ಮೇಲೆ ಒಂದು ರಾತ್ರಿ ಮಲಗಬಹುದೇ?” ಎಂದು ಕೇಳಿದನು. ಅವನ ಬಹುಮಾನವನ್ನು ಅವನೇ ಆರಿಸಿಕೊಂಡನು.

ನಮ್ಮ ಸೀಮೆಯ ಮಗುವಿಗೆ ಈ ಆಸೆ ಹುಟ್ಟಿದುದು ಆಶ್ಚರ್ಯವಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಮುಂತಾದ ನದಿಗಳು ಹುಟ್ಟುವುವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವುಗಳಲ್ಲಿ ನೀರನ್ನು ಕಾಣುವುದು ಮಳೆ ಬಿದ್ದಾಗ ಮಾತ್ರ. ಸಾವಿರ ಅಡಿ ಕೊರೆದು ನೀರು ತೆಗೆಯುವ ನಾಡಿನಲ್ಲಿ ದ್ವೀಪವೆಂಬುದು ಭೂಗೋಳದ ಪುಸ್ತಕದ ಮಾತು.

ಸಾಗರದ ಕಡೆಯ ಸ್ನೇಹಿತರೊಬ್ಬರು ಹೊನ್ನೆಮರಡುವಿನ ಹೆಸರನ್ನು ಹೇಳಿದರು. ಅದು ಸಾಗರ ತಾಲ್ಲೂಕಿನಲ್ಲಿ, ತಾಳಗುಪ್ಪಕ್ಕೆ ಸಮೀಪವಾಗಿ, ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿರುವ ಸಣ್ಣ ಹಳ್ಳಿ. ಅಲ್ಲಿ ‘ದಿ ಅಡ್ವೆಂಚರರ್ಸ್’ ಎಂಬ ಸಂಸ್ಥೆಯವರು ಬಹು ವರ್ಷಗಳಿಂದ ಹರಿಗೋಲು, ದೋಣಿಗಳ ವಿದ್ಯೆಯನ್ನು ಕಲಿಸಿ, ಜನರನ್ನು ದ್ವೀಪವಾಸಕ್ಕೆ ಕರೆದೊಯ್ಯುತ್ತಿದ್ದರು. ಡಿಸೆಂಬರಿನ ರಜೆಯಲ್ಲಿ ಬೆಂಗಳೂರಿನಿಂದ ರಾತ್ರಿಯ ರೈಲನ್ನು ಹತ್ತಿ, ಬೆಳಗ್ಗೆ ತಾಳಗುಪ್ಪದಲ್ಲಿ ಇಳಿದೆವು. ಹಳಿಯು ಅಲ್ಲಿಗೆ ಮುಗಿಯುವುದು.

ಹಿನ್ನೀರನ್ನು ಮೊದಲು ಕಂಡಾಗ ನನ್ನ ಪತ್ನಿಯು, “ಅಬ್ಬಾ, ಇಷ್ಟೊಂದು ನೀರೇ!” ಎಂದವಳು ಸುಮ್ಮನೆ ನಿಂತುಬಿಟ್ಟಳು. ಕಣ್ಣು ಹಾಯುವವರೆಗೂ ನೀರು; ನಡುವೆ ಹಸುರು ದಿಬ್ಬಗಳು; ಅಲ್ಲಲ್ಲಿ ನೀರಿನಿಂದ ಮೇಲೆದ್ದ ಒಣಮರಗಳ ಬೊಡ್ಡೆಗಳು. ನಮ್ಮಲ್ಲಿ ಯಾರಿಗೂ ಈಜು ಬಾರದು. ಅಲ್ಲಿಯ ತರಬೇತುದಾರರು ನಮ್ಮನ್ನು ಒಡನೆಯೇ ದೋಣಿಗೆ ಹತ್ತಿಸಲಿಲ್ಲ. ಲೈಫ್ ಜಾಕೆಟ್ಟನ್ನು ತೊಡಿಸಿ, ಎದೆಯ ಮಟ್ಟದ ನೀರಿನಲ್ಲಿ ನಿಲ್ಲಿಸಿ, ಅಂಗಾತನಾಗಿ ತೇಲುವುದನ್ನು ಮೊದಲು ಕಲಿಸಿದರು. “ಹೆದರಿ ಮೈ ಬಿಗಿ ಹಿಡಿಯಬೇಡಿ, ಉಸಿರು ಸಮವಾಗಿರಲಿ” ಎಂದರು. ಉಸಿರು ಸಮವಾಗಿರಲೆಂಬ ಮಾತನ್ನು ಆರು ತಿಂಗಳು ಮೆಟ್ಟಿಲ ಮೇಲೆ ಕೇಳಿದ್ದ ಹುಡುಗನು ಎಲ್ಲರಿಗಿಂತ ಮೊದಲು ತೇಲಿದನು. ನಾನು ಕಡೆಯವನು.

ಸಂಜೆಗೆ ಎರಡು ಹರಿಗೋಲುಗಳಲ್ಲಿ ಡೇರೆ, ಅಕ್ಕಿ, ತರಕಾರಿ, ಹೊದಿಕೆಗಳನ್ನು ಹೇರಿಕೊಂಡು ಹೊರಟೆವು. ಬುಟ್ಟಿಯಂತಹ ಹರಿಗೋಲನ್ನು ನೆಟ್ಟಗೆ ನಡೆಸುವುದು ತಿಳಿಯದವರಿಗೆ ಬಲು ಕಷ್ಟ. ಹುಟ್ಟನ್ನು ಒಂದು ಪಕ್ಕಕ್ಕೆ ಹಾಕಿದರೆ ಅದು ಬುಗುರಿಯಂತೆ ತಿರುಗುವುದು. ಎದುರಿಗೆ ಚಾಚಿ ತನ್ನ ಕಡೆಗೆ ಎಳೆದುಕೊಂಡರೆ ಮುಂದೆ ಸಾಗುವುದು. ಸರದಿಯಂತೆ ಹುಟ್ಟುಹಾಕುತ್ತ ಮುಕ್ಕಾಲು ಗಂಟೆಯಲ್ಲಿ ದ್ವೀಪವನ್ನು ಸೇರಿದೆವು.

ದ್ವೀಪವೆಂದರೆ ಸಣ್ಣದೊಂದು ದಿಬ್ಬ; ಕುರುಚಲು ಕಾಡು, ಕೆಂಪು ಮಣ್ಣು. ಮನೆಯಿಲ್ಲ, ದೀಪವಿಲ್ಲ. ಡೇರೆಗಳನ್ನು ನಿಲ್ಲಿಸಿ, ತೋರಿಸಿದ ಕಡೆ ಕಲ್ಲಿನ ಒಲೆ ಹೂಡಿ, ಅನ್ನ ಸಾರು ಮಾಡಿದೆವು. ಮನೆಯಲ್ಲಿ ತಟ್ಟೆಯನ್ನು ತೊಳೆಯದ ಮಕ್ಕಳು ಹೇಳಿಸಿಕೊಳ್ಳದೆ ಪಾತ್ರೆಗಳನ್ನು ಬೆಳಗಿದರು. ಕತ್ತಲಾದ ಮೇಲೆ ನಕ್ಷತ್ರಗಳು ಆಕಾಶದಲ್ಲಿಯೂ ನೀರಿನಲ್ಲಿಯೂ ಮೂಡಿದವು.

ನಡುರಾತ್ರಿಯಲ್ಲಿ ಎಚ್ಚರವಾಯಿತು. ಪಕ್ಕಕ್ಕೆ ತಿರುಗಿದರೆ ನನ್ನ ಪತ್ನಿಯೂ ಎದ್ದು ಕುಳಿತಿದ್ದಳು. ಇಬ್ಬರೂ ಹಳೆಯ ರೂಢಿಯಂತೆ ಹುಡುಗನ ಕಡೆಗೆ ಕಿವಿಗೊಟ್ಟೆವು. ಹೊರಗೆ ಮಂಜು, ಚಳಿ, ದಡಕ್ಕೆ ತಾಗುವ ನೀರಿನ ಸಣ್ಣ ಸದ್ದು. ಒಳಗೆ ಅವನ ಉಸಿರು, ಯಾವ ಸಿಳ್ಳೂ ಇಲ್ಲದೆ, ನಿಧಾನವಾಗಿ ಆಡುತ್ತಿದ್ದಿತು. ಆಕೆಯು ನನ್ನ ಕಡೆ ನೋಡಿ, “ಮಲಗಿಕೊಳ್ಳಿ” ಎಂದಳು. ಬಹುಮಾನವು ಹುಡುಗನಿಗೆಂದು ಹೊರಟುಬಂದಿದ್ದೆವು. ಅದರಲ್ಲಿ ದೊಡ್ಡ ಪಾಲು ನಮಗೆ ದೊರೆಯಿತು.

ಬೆಳಗ್ಗೆ ಮಂಜು ಹರಿದಾಗ ಸುತ್ತಲಿನ ದಿಬ್ಬಗಳು ಒಂದೊಂದಾಗಿ ಕಾಣಿಸಿದವು. “ನಂದಿಯ ಹಾಗೆಯೇ ಇದೆ!” ಎಂದು ಮಗಳು ಕೂಗಿದಳು. ನಮ್ಮೊಡನೆ ಅಡಿಗೆಗೆ ನೆರವಾಗಲು ಬಂದಿದ್ದ ವೃದ್ಧರೊಬ್ಬರು ಆ ಮಾತನ್ನು ಕೇಳಿ, “ಇವೂ ಬೆಟ್ಟಗಳೇ ಮಗಾ. ನೀನು ಕೂತಿರೋದು ಗುಡ್ಡದ ನೆತ್ತಿ ಮೇಲೆ. ಗದ್ದೆ, ತೋಟ, ಮನೆ ಎಲ್ಲಾ ಕೆಳಗಿವೆ” ಎಂದರು. ಅವರ ಮನೆಯೂ ಹಾಗೆಯೇ ಹೋದುದು. ಆಗ ಅವರಿಗೆ ಹನ್ನೆರಡು ವರ್ಷ. ತಂದೆಯು ಬಾಗಿಲನ್ನೂ ಹೆಂಚನ್ನೂ ಕಳಚಿ ಗಾಡಿಗೆ ಹೇರಿದುದು, ನಾಯಿಯು ಮೂರು ದಿನ ಹಳೆಯ ಮನೆಯ ಕಡೆಗೇ ಓಡುತ್ತಿದ್ದುದು ಅವರಿಗೆ ನೆನಪಿದ್ದಿತು. ಸಿಟ್ಟಿಲ್ಲದೆ, ಒಲೆಯನ್ನು ಊದುತ್ತ ಊದುತ್ತ ಹೇಳಿದರು.

ಲಿಂಗನಮಕ್ಕಿಯ ಅಣೆಕಟ್ಟು ಮುಗಿದುದು ೧೯೬೪ರಲ್ಲಿ. ಪೂರ್ಣ ಮಟ್ಟವು ಸಮುದ್ರಕ್ಕಿಂತ ೧,೮೧೯ ಅಡಿ. ಈ ನೀರಿನ ಬಲದಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ ೧,೦೩೫ ಮೆಗಾವಾಟ್. ನೂರಕ್ಕೂ ಹೆಚ್ಚು ಗ್ರಾಮಗಳು ಇದಕ್ಕಾಗಿ ನೆಲೆಯನ್ನು ಕಳೆದುಕೊಂಡವು. ಹಿನ್ನೀರಿನ ಆಚೆಯ ತುಮರಿಯ ಕಡೆಯವರು ಸುಮಾರು ಅರುವತ್ತು ವರ್ಷ ಲಾಂಚನ್ನೇ ನಂಬಿ ಬಾಳಿದರು. ಸಿಗಂದೂರಿನ ದಾರಿಯ ಸೇತುವೆ ತೆರೆದುದು ೨೦೨೫ರ ಜುಲೈಯಲ್ಲಿ. ಶರಾವತಿ ಯೋಜನೆಯಲ್ಲಿಯೇ ನೌಕರರಾಗಿದ್ದ ನಾ. ಡಿಸೋಜರವರು ಈ ಮುಳುಗಡೆಯ ಬಾಳನ್ನು ಕಾದಂಬರಿಗಳಲ್ಲಿ ಬರೆದಿರುವರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ೨೦೦೨ರಲ್ಲಿ ಚಲನಚಿತ್ರವಾಗಿಸಿದರು. ಇವುಗಳಲ್ಲಿ ಕೆಲವನ್ನು ನಾನು ಮೊದಲೇ ಬಲ್ಲೆನು. ಆದರೆ ಆ ದಿಬ್ಬದ ಮೇಲೆ ಕುಳಿತು ಕೇಳುವವರೆಗೆ ಅದು ನಮ್ಮ ಮನೆಯ ಸಂಗತಿಯೆಂದು ತೋರಿರಲಿಲ್ಲ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಯಂತ್ರಗಳಿಗೂ, ಸಾವಿರ ಅಡಿಯಿಂದ ನೀರೆತ್ತುವ ಮೋಟಾರುಗಳಿಗೂ, ರಾತ್ರಿ ಹುಡುಗನಿಗೆ ಔಷಧಿ ಕೊಡಲು ನಾವು ಹಚ್ಚುತ್ತಿದ್ದ ದೀಪಕ್ಕೂ ಇಲ್ಲಿಯ ಬೆಳಕಿನ ಪಾಲು ಸೇರಿದೆ.

ಹುಡುಗನು ವೃದ್ಧರನ್ನು ಕೇಳಿದನು: “ತಾತ, ನಿಮ್ಮ ಮನೆ ಎಲ್ಲಿತ್ತು?” ಅವರು ನೀರಿನ ಕಡೆ ಕೈ ತೋರಿಸಿದರು. ಹಿಂತಿರುಗುವಾಗ ಆ ಕಡೆಯಲ್ಲಿ ಹುಟ್ಟುಹಾಕುವ ಸರದಿ ಅವನದು. ಅವನು ಸದ್ದಾಗದಂತೆ, ಬಲು ಮೆಲ್ಲಗೆ ಹುಟ್ಟನ್ನು ಎಳೆದನು. ಯಾರೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ಜೋಗಕ್ಕೆ ಹೋಗಿ, ೮೩೦ ಅಡಿ ಧುಮುಕುವ ನದಿಯನ್ನು ನೋಡಿಕೊಂಡು ರಾತ್ರಿಯ ರೈಲನ್ನು ಹಿಡಿದೆವು.

ಇಂತಹ ಪ್ರವಾಸಕ್ಕೆ ಹೊರಡುವವರು ದ್ವೀಪವಾಸಕ್ಕೆ ಅನುಮತಿಯುಂಟೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ತಿಳಿದವರಿಲ್ಲದೆ ನೀರಿಗೆ ಇಳಿಯಲಾಗದು. ಕೊಂಡುಹೋದ ಚಿಂದಿಯೊಂದನ್ನೂ ಅಲ್ಲಿ ಬಿಟ್ಟುಬರಲಾಗದು. ಉಬ್ಬಸವಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ನಮಗೆ ಒದಗಿದುದು ಎಲ್ಲರಿಗೂ ಒದಗುವುದೆಂದು ನಾನು ಹೇಳಲಾರೆ.

ಮನೆಗೆ ಬಂದ ರಾತ್ರಿ ಬಾಗಿಲು ತೆಗೆದು ದೀಪ ಹಾಕಿದೆನು. ಹುಡುಗನು ಒಂದು ಕ್ಷಣ ದೀಪವನ್ನೇ ನೋಡುತ್ತ ನಿಂತು, “ಅಪ್ಪ, ಬೇಡದ ಕಡೆ ಆರಿಸಿಬಿಡೋಣ” ಎಂದು, ಹಿತ್ತಿಲ ದೀಪವನ್ನು ಆರಿಸಿ ಬಂದು ಮಲಗಿದನು. ಮುಂದಿನ ಭಾನುವಾರ ನಾವು ಮತ್ತೆ ನಂದಿಯ ಮೆಟ್ಟಿಲುಗಳನ್ನು ಹತ್ತಿದೆವು.