‘ಓಕೆ’ ಎಂಬ ಉತ್ತರವನ್ನು ನಂಬಿದ ದಿನ

“ಭಾಯಿ, ಪಟ್ಟಿಯಲ್ಲಿ ನನ್ನ ಮಗಳ ಹೆಸರಿಲ್ಲ. ಅರ್ಜಿಯಲ್ಲಿ ನಾವೇನಾದರೂ ತಪ್ಪು ಬರೆದಿದ್ದೆವಾ?”

ನಮ್ಮ ವಿದ್ಯಾರ್ಥಿವೇತನ ಸಮಿತಿಯ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬ ತಾಯಿ ಹೀಗೆ ಕೇಳಿದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ, ಸಂಕೋಚವಿತ್ತು. ಆದರೆ ತಪ್ಪು ಅವರದಾಗಿರಲಿಲ್ಲ. ಮೂರು ದಿನಗಳ ಹಿಂದೆ ಆ ಹುಡುಗಿಯ ವಿವರಗಳನ್ನು ನಾವೇ, ನಮ್ಮ ಕೈಯಾರೆ ಅಳಿಸಿಹಾಕಿದ್ದೆವು. ಅಳಿಸಿದ್ದು ನಮಗೇ ಗೊತ್ತಿರಲಿಲ್ಲ.

ನಮ್ಮ ಸಮಿತಿ ದೊಡ್ಡದೇನೂ ಅಲ್ಲ. ಶುಲ್ಕ ಕಟ್ಟಲಾಗದ ಮಕ್ಕಳಿಗೆ ನೆರವಾಗಲು ಮೊಹಲ್ಲಾದ ಕೆಲವರು ಕಟ್ಟಿಕೊಂಡದ್ದು. ಅರ್ಜಿಗಳು ಹೆಚ್ಚಾದಾಗ ನಮ್ಮ ನಡುವಿನ ಯುವಕನೊಬ್ಬ ಎಲ್ಲವನ್ನೂ ‘ರೆಡಿಸ್’ ಎಂಬ ದತ್ತಸಂಚಯಕ್ಕೆ ಸೇರಿಸಿಕೊಟ್ಟ. ಇದು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ತಂತ್ರಾಂಶ. ಇದರಲ್ಲಿ ಕೋಷ್ಟಕಗಳಿಲ್ಲ, ಕೀಲಿ ಮತ್ತು ಮೌಲ್ಯ, ಇವೆರಡೇ. ಕಪಾಟಿನಲ್ಲಿ ಜೋಡಿಸಿಟ್ಟ ಲಕೋಟೆಗಳನ್ನು ಊಹಿಸಿಕೊಳ್ಳಿ. ಲಕೋಟೆಯ ಮೇಲೆ ಬರೆದ ಹೆಸರು ಕೀಲಿ, ಒಳಗಿರುವುದು ಮೌಲ್ಯ. ‘ವಿದ್ಯಾರ್ಥಿ:41’ ಎಂಬ ಲಕೋಟೆಯೊಳಗೆ ಹೆಸರು, ತರಗತಿ, ಬ್ಯಾಂಕ್ ಖಾತೆ, ಫೋನ್ ಎಂದು ಪ್ರತ್ಯೇಕ ಚೀಟಿಗಳು. ಇಂತಹ ಚೀಟಿಗಳ ಕಟ್ಟಿಗೆ ರೆಡಿಸ್‌ನಲ್ಲಿ ‘ಹ್ಯಾಶ್’ ಎನ್ನುತ್ತಾರೆ.

ಈ ಕಪಾಟನ್ನು ತೆರೆಯಲು ನಾವು ಬಳಸುವುದು ‘ರೆಡಿಸ್-ಸಿಎಲ್‌ಐ’. ಕಪ್ಪು ಪರದೆಯ ಮೇಲೆ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೇ. “ಖಚಿತವೇ?” ಎಂದು ಅದು ಮರಳಿ ಕೇಳುವುದಿಲ್ಲ. ಮಾಡಿದ್ದನ್ನು ರದ್ದುಗೊಳಿಸುವ ಆಜ್ಞೆಯೂ ಅದರಲ್ಲಿಲ್ಲ.

ಆ ದಿನ ನಮಗಿದ್ದ ಕೆಲಸ ಅತ್ಯಲ್ಪ. 41ನೆಯ ವಿದ್ಯಾರ್ಥಿನಿಯ ಫೋನ್ ಸಂಖ್ಯೆ ಬದಲಾಗಿತ್ತು, ಅದನ್ನು ತಿದ್ದಬೇಕಿತ್ತು. ‘ಎಚ್‌ಸೆಟ್’ ಎಂಬ ಆಜ್ಞೆ ಕೊಟ್ಟು ಕೀಲಿ, ಚೀಟಿಯ ಹೆಸರು, ಹೊಸ ಸಂಖ್ಯೆ ಎಲ್ಲವನ್ನೂ ಸರಿಯಾಗಿಯೇ ಬರೆದೆವು. ಪರದೆಯ ಮೇಲೆ ‘0’ ಎಂಬ ಉತ್ತರ ಬಂತು. ಸೊನ್ನೆ ಎಂದರೆ ಏನೂ ಆಗಲಿಲ್ಲ ಎಂದು ತಿಳಿದೆವು. ‘ಸೆಟ್’ ಎಂದು ಕೊಡಬೇಕಿತ್ತೇನೋ ಎಂದುಕೊಂಡು ಅದೇ ಕೀಲಿಗೆ ಆ ಸಂಖ್ಯೆಯನ್ನು ಮತ್ತೆ ಬರೆದೆವು. ಈ ಬಾರಿ ‘ಓಕೆ’ ಎಂದು ಬಂತು. ನೆಮ್ಮದಿಯಿಂದ ಎದ್ದು ಮನೆಗೆ ಹೋದೆವು.

ನಿಜಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಎಚ್‌ಸೆಟ್‌ನ ಸೊನ್ನೆ ಸೋಲಿನ ಗುರುತಲ್ಲ. ಎಷ್ಟು ಹೊಸ ಚೀಟಿಗಳು ಸೇರಿದವು ಎಂಬುದನ್ನಷ್ಟೇ ಅದು ಎಣಿಸಿ ಹೇಳುತ್ತದೆ. ಇದ್ದ ಚೀಟಿಯನ್ನೇ ತಿದ್ದಿದಾಗ ಸೊನ್ನೆಯೇ ಸರಿಯಾದ ಉತ್ತರ. ತಿದ್ದಲು ಹೋದಾಗ ‘1’ ಬಂದರೆ ಎಚ್ಚರಗೊಳ್ಳಬೇಕು. ಚೀಟಿಯ ಹೆಸರನ್ನು ತಪ್ಪಾಗಿ ಬರೆದು ಹೊಸದೊಂದನ್ನು ಸೃಷ್ಟಿಸಿದ್ದೇವೆ ಎಂದೇ ಅರ್ಥ. ‘ಸೆಟ್’ ಆದರೋ ಲಕೋಟೆಯೊಳಗೆ ಏನಿದೆ ಎಂದು ನೋಡುವುದೇ ಇಲ್ಲ. ಇದ್ದುದನ್ನೆಲ್ಲ ಎಸೆದು, ಕೊಟ್ಟದ್ದನ್ನು ಒಳಗಿಟ್ಟು, ‘ಓಕೆ’ ಎನ್ನುತ್ತದೆ. ಹೀಗೆ ಒಂದು ಫೋನ್ ಸಂಖ್ಯೆಗಾಗಿ ಒಬ್ಬ ಹುಡುಗಿಯ ಹೆಸರು, ತರಗತಿ, ಖಾತೆ ಎಲ್ಲವೂ ಹೋದವು. ಪಟ್ಟಿ ತಯಾರಿಸುವ ನಮ್ಮ ಪ್ರೋಗ್ರಾಂ ಆ ಲಕೋಟೆಯಲ್ಲಿ ಚೀಟಿಗಳನ್ನು ಕಾಣದೆ, ಸದ್ದಿಲ್ಲದೆ ಮುಂದಿನ ವಿದ್ಯಾರ್ಥಿಗೆ ಹೋಗಿಬಿಟ್ಟಿತು.

ಹಳೆಯ ಪ್ರತಿ ಸಿಗಬಹುದೇ ಎಂದು ಹುಡುಕಿದೆವು. ರೆಡಿಸ್ ಆಗಾಗ ತನ್ನ ಪ್ರತಿಯೊಂದನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ ನಿಜ. ಆದರೆ ಹೊಸ ಪ್ರತಿ ಹಳೆಯದರ ಜಾಗದಲ್ಲೇ ಕೂರುತ್ತದೆ. ಮೂರು ದಿನಗಳಲ್ಲಿ ನಮ್ಮ ತಪ್ಪೇ ಅಲ್ಲಿಯೂ ದಾಖಲಾಗಿತ್ತು. ಕೊನೆಗೆ ಕೈಹಿಡಿದದ್ದು ಬೀರುವಿನಲ್ಲಿದ್ದ ಕಾಗದದ ಅರ್ಜಿ. ಮರುದಿನವೇ ಹಣ ಕಳುಹಿಸಿದೆವು. ಅಷ್ಟರಲ್ಲಿ ಆ ತಾಯಿ ನೆರೆಯವರಿಂದ ಸಾಲ ಪಡೆದು ಶುಲ್ಕ ಕಟ್ಟಿದ್ದರು.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಮೊದಲು ‘ಟೈಪ್’ ಎಂದು ಕೇಳಿ, ಲಕೋಟೆಯಲ್ಲಿರುವುದು ಹ್ಯಾಶ್ ಹೌದೇ ಎಂದು ನೋಡುತ್ತೇವೆ. ‘ಎಚ್‌ಗೆಟ್‌ಆಲ್’ ಕೊಟ್ಟು ಎಲ್ಲ ಚೀಟಿಗಳನ್ನೂ ಓದುತ್ತೇವೆ. ಕನ್ನಡದ ಹೆಸರುಗಳು ಅರ್ಥವಾಗದ ಸಂಕೇತಗಳಂತೆ ಕಾಣದಿರಲು, ಉಪಕರಣವನ್ನು ತೆರೆಯುವಾಗಲೇ ‘--ರಾ’ ಎಂದು ಸೇರಿಸುತ್ತೇವೆ. ಬಳಿಕ ‘ಕಾಪಿ’ ಆಜ್ಞೆಯಿಂದ ಆ ದಾಖಲೆಯ ನಕಲನ್ನು ಬೇರೊಂದು ಕೀಲಿಯಲ್ಲಿ ಇಟ್ಟು, ಆಮೇಲಷ್ಟೇ ತಿದ್ದುತ್ತೇವೆ. ತಿದ್ದಿದ ಮೇಲೆ ಮತ್ತೊಮ್ಮೆ ಓದುತ್ತೇವೆ. ಒಬ್ಬರು ಪರದೆ ನೋಡಿ ಓದಿದರೆ ಇನ್ನೊಬ್ಬರು ಕಾಗದದೊಂದಿಗೆ ಹೋಲಿಸುತ್ತಾರೆ. ಇದಕ್ಕೆಲ್ಲ ಹಿಡಿಯುವುದು ಐದು ನಿಮಿಷ. ಆ ಐದು ನಿಮಿಷವನ್ನು ಅಂದು ನಾವು ಉಳಿಸಿದ್ದೆವು.

ಯಂತ್ರ ನಮಗೆ ಸುಳ್ಳು ಹೇಳಿರಲಿಲ್ಲ. ನಾವು ಹೇಳಿದ್ದನ್ನು ಮಾಡಿದ್ದೇನೆ ಎಂದಷ್ಟೇ ಅದು ತಿಳಿಸಿತ್ತು. ನಾವು ಬಯಸಿದ್ದು ಆಯಿತೇ ಎಂದು ನೋಡುವ ಹೊಣೆ ನಮ್ಮದಾಗಿತ್ತು. ಜನ ನಂಬಿ ಒಪ್ಪಿಸಿದ ವಿವರಗಳು ನಮ್ಮ ಬಳಿಯಿರುವ ಅಮಾನತ್ತು. ಕದಿಯದೆ ಇದ್ದ ಮಾತ್ರಕ್ಕೆ ಅದನ್ನು ಕಾಪಾಡಿದಂತಾಗುವುದಿಲ್ಲ.

ಆ ತಾಯಿಯ ಪ್ರಶ್ನೆ ಇಂದಿಗೂ ನಮ್ಮನ್ನು ಕಾಡುತ್ತದೆ. ನೆರವು ಕೇಳಿ ಬರುವವರು ಕೊಡುವವರ ತಪ್ಪನ್ನೂ ತಮ್ಮದೆಂದೇ ಭಾವಿಸಿಬಿಡುತ್ತಾರೆ. ಅವರು ಕೇಳದೆ ಸುಮ್ಮನೆ ಮರಳಿದ್ದರೆ, ನಾವು ‘ಓಕೆ’ಯನ್ನು ನಂಬಿಕೊಂಡೇ ಇರುತ್ತಿದ್ದೆವು. “ತಪ್ಪು ನಿಮ್ಮದಲ್ಲಮ್ಮಾ, ನಮ್ಮದು” ಎಂದು ಅಂದು ಅವರ ಮುಂದೆ ಒಪ್ಪಿಕೊಂಡೆವು. ಹೇಳಲು ಕಷ್ಟವಾಯಿತು. ಆದರೆ ಆ ದಾಖಲೆಯನ್ನು ತಿದ್ದುವ ಮೊದಲು ಆ ಮಾತನ್ನು ಹೇಳಲೇಬೇಕಿತ್ತು.