ಪರೀಕ್ಷೆಯ ಮುನ್ನ, ಫಲಿತಾಂಶದ ಅನಂತರ

‘ಪರೀಕ್ಷೆ’ ಎಂಬುದು ಬಳಕೆಯಿಂದ ಸವೆದ ಶಬ್ದ. ಅದರ ಮೂಲವನ್ನು ವಿಚಾರಿಸುವ ಗೋಜಿಗೆ ಪ್ರಾಯಃ ಯಾರೂ ಹೋಗುವುದಿಲ್ಲ. ‘ಪರಿ’ ಎಂದರೆ ಸುತ್ತಲೂ. ‘ಈಕ್ಷಾ’ ಎಂದರೆ ನೋಡುವುದು. ಒಂದನ್ನು ಎಲ್ಲ ಕಡೆಗಳಿಂದಲೂ ನೋಡಿ ಅರಿಯುವುದೇ ಪರೀಕ್ಷೆ. ಒಕ್ಕಲಿಗನು ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಆದರೆ ಐದನೆಯ ತರಗತಿಯ ಮಗುವನ್ನು ಎರಡು ಗಂಟೆಗಳ ಒಂದು ಪ್ರಶ್ನಪತ್ರಿಕೆ ಹಾಗೆ ಸುತ್ತಲೂ ನೋಡಬಲ್ಲುದೆ? ಅದು ಒಂದು ಪಕ್ಕವನ್ನಷ್ಟೇ ನೋಡುತ್ತದೆ. ಉಳಿದ ಪಕ್ಕಗಳನ್ನು ನೋಡಬೇಕಾದವರು ಮನೆಯ ಹಿರಿಯರು. ಈ ಮಾತನ್ನು ಒಬ್ಬ ಮಾಸ್ತರರು ಅರಿತದ್ದು ತಮ್ಮ ಎಪ್ಪತ್ತರ ವಯಸ್ಸು ದಾಟಿದ ಮೇಲೆ.

ಉತ್ತರ ಕರ್ನಾಟಕದ ಕರಿಮಣ್ಣಿನ ಸೀಮೆಯ ಸಣ್ಣ ಊರು ಅವರದು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವರು. ಲೆಕ್ಕದಲ್ಲಿ ಅವರಿಗೆ ಸಮಾನರಿಲ್ಲವೆಂದು ಸುತ್ತಲಿನ ನಾಲ್ಕೂರುಗಳಲ್ಲಿ ಹೆಸರಿತ್ತು. ಅವರ ಕೈಯ ಛಡಿಗೂ ಅಷ್ಟೇ ಹೆಸರಿತ್ತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳು ಹುಟ್ಟಿಕೊಂಡ ಸಂಗತಿ ಶಿಕ್ಷಕರಿಗೆಲ್ಲ ವಿದಿತವೇ ಆಗಿದೆ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಈ ವಸತಿ ಶಾಲೆಗಳು ಹಳ್ಳಿಯ ಬುದ್ಧಿವಂತ ಮಕ್ಕಳಿಗೆ ಊಟ, ವಸತಿ, ವಿದ್ಯೆಗಳನ್ನು ಒಂದೆಡೆ ದೊರಕಿಸಿಕೊಟ್ಟವು. ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸ್ಥಾನ. ಅವುಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ. ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆಯ ಅವಧಿ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆಗಳಾದರೆ ಅಂಕಗಣಿತಕ್ಕೆ 20, ಭಾಷೆಗೆ 20. ಎಲ್ಲಕ್ಕಿಂತ ಕಠಿನವಾದ ನಿಯಮವೊಂದುಂಟು: ಈ ಪರೀಕ್ಷೆಗೆ ಒಂದು ಮಗು ಒಮ್ಮೆ ಮಾತ್ರ ಕುಳಿತುಕೊಳ್ಳಬಹುದು. ತಪ್ಪಿದರೆ ಮರುವರ್ಷ ನೋಡೋಣವೆಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

1963ರಲ್ಲಿ ಸ್ಥಾಪಿತವಾದ ವಿಜಾಪುರದ ಸೈನಿಕ ಶಾಲೆಯಾಗಲಿ, 1969ರಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭವಾದ ಕಿತ್ತೂರಿನ ರಾಣಿ ಚನ್ನಮ್ಮ ವಸತಿ ಶಾಲೆಯಾಗಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಾಗಲಿ ಮಕ್ಕಳನ್ನು ಆರಿಸಿಕೊಳ್ಳುವುದು ಈ ಆರನೆಯ ತರಗತಿಯ ಹೊಸ್ತಿಲಲ್ಲಿಯೇ. ಆದುದರಿಂದ ಐದನೆಯ ತರಗತಿ ಬಂತೆಂದರೆ ತಂದೆತಾಯಿಗಳಿಗೆ ನಿದ್ದೆಯಿಲ್ಲ. ಆಡುವ ಮಕ್ಕಳನ್ನು ಊರು ಬಿಡಿಸಿ ಕೋಚಿಂಗ್ ತರಗತಿಗಳಿಗೆ ಸೇರಿಸುವುದು ಈಗ ಸಾಮಾನ್ಯವಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ಮಾಸ್ತರರು ತಮ್ಮ ಒಬ್ಬನೇ ಮಗನನ್ನು ಇದೇ ಪರೀಕ್ಷೆಗೆ ಅಣಿಗೊಳಿಸಿದ್ದರು. ರಾತ್ರಿ ಹತ್ತರವರೆಗೆ ಪಾಠ. ನಸುಕಿನಲ್ಲಿ ಮತ್ತೆ ಮಗ್ಗಿ. ಲೆಕ್ಕ ತಪ್ಪಿದರೆ ಅಂಗೈಗೆ ಏಟು. ಊರವರೆದುರು ‘ನನ್ನ ಮಗನದು ಆದಂಗನ’ ಎಂದು ಹೇಳಿಕೊಂಡೂ ಬಿಟ್ಟಿದ್ದರು. ಆದರೆ ಆಯ್ಕೆಯ ಪಟ್ಟಿಯಲ್ಲಿ ಹುಡುಗನ ಸಂಖ್ಯೆ ಇರಲಿಲ್ಲ. ಅಂದು ಮಾಸ್ತರರು ಹೊಡೆಯಲಿಲ್ಲ, ಬಯ್ಯಲಿಲ್ಲ. ಒಂದು ತಿಂಗಳ ಕಾಲ ಮಗನೊಡನೆ ಮಾತನ್ನೇ ಆಡಲಿಲ್ಲ. ಆ ಮೌನದ ಅನಂತರ ಹುಡುಗನು ತಂದೆಯ ಎದುರಿಗೆ ಪುಸ್ತಕ ತೆರೆದುದು ಯಾರಿಗೂ ನೆನಪಿಲ್ಲ. ಹತ್ತನೆಯ ತರಗತಿಯನ್ನು ಹೇಗೋ ಮುಗಿಸಿ ಹೊಲದ ಕೆಲಸಕ್ಕೆ ನಿಂತನು. ತಂದೆಗೆ ವಿಧೇಯನಾದ, ಮಿತಭಾಷಿಯಾದ ಒಕ್ಕಲಿಗನಾದನು. ಮಾಸ್ತರರ ಎದೆಯಲ್ಲಿ ಒಂದು ಮುಳ್ಳು ಉಳಿಯಿತು.

ಈಗ ಆ ಮಗನ ಮಗಳು ಐದನೆಯ ತರಗತಿಗೆ ಬಂದಳು. ಮೊಮ್ಮಗಳನ್ನು ಪರೀಕ್ಷೆಗೆ ಕೂಡಿಸಬೇಕೆಂಬ ಆಸೆಯನ್ನು ಮಾಸ್ತರರು ಅಳುಕುತ್ತಲೇ ಮಗನ ಮುಂದೆ ಇಟ್ಟರು. ಮಗನು ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: “ನೀವ ಕಲಸ್ರಿ ಅಪ್ಪಾ, ನನ್ನದೇನೂ ಅಡ್ಡಿ ಇಲ್ಲ. ಆದರ ಒಂದು ಮಾತು. ಫಲಿತಾಂಶ ಬಂದ ದಿವಸ, ಅದು ಹೆಂಗರ ಇರಲಿ, ಆಕಿ ಜೋಡಿ ಮಾತಾಡ್ರಿ.”

ಮಾಸ್ತರರು ತಲೆ ತಗ್ಗಿಸಿದರು. ಅಂದು ಸಂಜೆ ಜಂತಿಯ ಸಂದಿಯಲ್ಲಿದ್ದ ಹಳೆಯ ಛಡಿಯನ್ನು ತೆಗೆದು ಒಲೆಗೆ ಹಾಕಿದರು.

ಪಾಠ ಮನೆಯ ಮುಂದಿನ ಕಟ್ಟೆಯ ಮೇಲೆ ಮೊದಲಾಯಿತು. ಹುಡುಗಿ ಕೇಳಿದ ಮೊದಲ ಪ್ರಶ್ನೆ ಲೆಕ್ಕದ್ದಲ್ಲ. “ಅಜ್ಜಾ, ತಪ್ಪಿದ್ರ ಬಡೀತಿಯೇನು?” ಎಂದಳು. “ಇಲ್ಲವ್ವಾ. ಎಲ್ಲಿ ತಪ್ಪಿತು ಅಂತ ಇಬ್ಬರೂ ಕೂಡಿ ಹುಡುಕೋಣು” ಎಂದರು ಅಜ್ಜ.

ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ಮಾಸ್ತರರಿಗೂ ಹೊಸವು. ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುವುದು? ಮಡಿಸಿದ ಕಾಗದಕ್ಕೆ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬೀಳುವುವು? ಜಟಿಲವಾದ ಚಿತ್ರದಲ್ಲಿ ಕೊಟ್ಟ ಸಣ್ಣ ಆಕೃತಿ ಎಲ್ಲಿ ಅಡಗಿದೆ? ಪುಸ್ತಕದಲ್ಲಿ ಕೇವಲ ಉತ್ತರಗಳಿದ್ದವು. ಉತ್ತರವನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲವೆಂದು ಅವರಿಗೆ ಬೇಗನೆ ತಿಳಿಯಿತು. ಗೋಡೆಯ ಕನ್ನಡಿಯನ್ನು ಕಟ್ಟೆಗೆ ತಂದರು. ಹಳೆಯ ವೃತ್ತಪತ್ರಿಕೆಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ, ಚೀಲ ಹೊಲಿಯುವ ದಬ್ಬಣದಿಂದ ಚುಚ್ಚಿದರು. ಬಿಚ್ಚುವ ಮೊದಲು ಮೊಮ್ಮಗಳು ತೂತುಗಳ ಜಾಗವನ್ನು ಹೇಳಬೇಕು. ಬಿಚ್ಚಿ ನೋಡಿದಾಗ ಸರಿ ತಪ್ಪನ್ನು ಕಾಗದವೇ ಹೇಳುವುದು. ಅಡಗಿದ ಆಕೃತಿಯನ್ನು ಹುಡುಕುವ ವಿದ್ಯೆಯನ್ನು ಕಲಿಸಿದವಳು ಅಜ್ಜಿ. ಅಂಗಳದ ಚುಕ್ಕೆರಂಗೋಲಿಯಲ್ಲಿ ಚೌಕಗಳೆಷ್ಟು, ತ್ರಿಕೋನಗಳೆಷ್ಟು ಎಂದು ಅವಳು ಕೇಳಿದಾಗ ಮಾಸ್ತರರೇ ಎರಡು ಸಲ ಲೆಕ್ಕ ತಪ್ಪಿದರು. ಹುಡುಗಿ ಕೈತಟ್ಟಿ ನಕ್ಕಳು. ಗುರುವು ತಪ್ಪುವುದನ್ನು ಶಿಷ್ಯೆ ಕಾಣುವುದೂ ಶಿಕ್ಷಣದ ಒಂದಂಗವೇ ಸರಿ.

ನಾಲ್ಕಾರು ದಿನಗಳಲ್ಲಿ ಕಟ್ಟೆಯ ಅಂಚಿಗೆ ಇನ್ನೊಬ್ಬ ಹುಡುಗ ಬಂದು ನಿಲ್ಲತೊಡಗಿದ. ಮೊಮ್ಮಗಳ ತರಗತಿಯವನೇ. ತಂದೆತಾಯಿ ಕಬ್ಬು ಕಡಿಯಲು ದೂರದ ಊರಿಗೆ ಹೋದವರು. ಅವನು ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಅಜ್ಜಿಯ ಬಳಿ ಬೆಳೆಯುತ್ತಿದ್ದ. “ಅಲ್ಲಿ ಯಾಕ ನಿಂತಿ ತಮ್ಮಾ, ಬಾ, ಕುಂದ್ರು” ಎಂದು ಮಾಸ್ತರರು ಕರೆದರು. ಒಂದು ಸಂಜೆ ಲಾಭನಷ್ಟದ ಲೆಕ್ಕ ಬಂತು: ಕಿಲೋಗೆ 20 ರೂಪಾಯಿಯಂತೆ 50 ಕಿಲೋ ಉಳ್ಳಾಗಡ್ಡಿ ಕೊಂಡು, 5 ಕಿಲೋ ಕೊಳೆತುಹೋಗಿ, ಉಳಿದುದನ್ನು 24ರಂತೆ ಮಾರಿದರೆ ಲಾಭ ಶೇಕಡಾ ಎಷ್ಟು? ಮೊಮ್ಮಗಳು ಪಾಟಿ ತೆಗೆದುಕೊಳ್ಳುವಷ್ಟರಲ್ಲಿ ಹುಡುಗನು ‘ಎಂಟು’ ಎಂದನು. ಸಾವಿರದ ಮೇಲೆ ಎಂಬತ್ತು ಉಳಿಯುವುದನ್ನು ಅವನು ಪುಸ್ತಕದಲ್ಲಿ ಕಲಿತಿರಲಿಲ್ಲ.

ಅರ್ಜಿಯ ಸಮಯಕ್ಕೆ ತೊಡಕು ಬಂತು. ಮುಖ್ಯೋಪಾಧ್ಯಾಯರ ದೃಢೀಕರಣದೊಡನೆ ಪಾಲಕರ ಸಹಿಯೂ ಬೇಕು. ಹುಡುಗನ ಪಾಲಕರು ಕಬ್ಬಿನ ಗದ್ದೆಯಲ್ಲಿ. ಆಗ ಮಾಸ್ತರರ ಮಗನು, ಯಾರೂ ಹೇಳದೆಯೇ, ಮೋಟಾರ್ ಸೈಕಲ್ ಏರಿ ಹೋಗಿ ಮರುದಿನ ಸಹಿ ಮಾಡಿಸಿಕೊಂಡು ಬಂದನು.

ಒಂದು ವಿಷಯದಲ್ಲಿ ಮಾಸ್ತರರ ಮನಸ್ಸು ಹೊಯ್ದಾಡಿತು. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಒಂದನ್ನೂ ಖಾಲಿ ಬಿಡಕೂಡದು. ‘ತಿಳಿಯದಿದ್ದರೆ ತಿಳಿಯದು ಎನ್ನು’ ಎಂದು ಜೀವಮಾನವಿಡೀ ಬೋಧಿಸಿದವರು ಊಹೆಯನ್ನು ಕಲಿಸುವುದು ಹೇಗೆ? ಕೊನೆಗೊಂದು ದಾರಿ ಕಂಡರು. ನಾಲ್ಕು ಉತ್ತರಗಳಲ್ಲಿ ಖಂಡಿತವಾಗಿ ಅಲ್ಲದವುಗಳನ್ನು ಒಂದೊಂದಾಗಿ ಬಿಡುತ್ತ ಬರಬೇಕು, ಉಳಿದುದರಲ್ಲಿ ಆರಿಸಬೇಕು. ಇದು ಜೂಜಲ್ಲ, ವಿವೇಚನೆ. ಪ್ರಶ್ನೆಗೆ ಒಂದೂವರೆ ನಿಮಿಷದಂತೆ ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿದರು. ಉತ್ತರದ ಹಾಳೆಯ ವೃತ್ತವನ್ನು ಪೆನ್ನಿನಿಂದ ತುಂಬಿದ ಮೇಲೆ ತಿದ್ದುವಂತಿಲ್ಲವಾದ್ದರಿಂದ, ಗೆರೆ ದಾಟದಂತೆ ತುಂಬುವುದನ್ನೂ ಕಲಿಸಿದರು. ಆದರೆ ಸೂರ್ಯ ಮುಳುಗಿ ಒಂದು ಗಂಟೆಯಾದೊಡನೆ ಪಾಠ ನಿಲ್ಲುತ್ತಿತ್ತು. ಕುಂಟಬಿಲ್ಲೆಯ ಆಟಕ್ಕೆ ಅಡ್ಡಿ ಬರಲಿಲ್ಲ.

ಪರೀಕ್ಷೆಯ ದಿನ ಮಕ್ಕಳಿಬ್ಬರೂ ನಗುತ್ತಲೇ ಹೊರಬಂದರು. ಕಾಗದ ಮಡಿಸುವ ಒಂದು ಚಿತ್ರ ಮಾತ್ರ ಬಗೆಹರಿಯಲಿಲ್ಲವೆಂದು ಮೊಮ್ಮಗಳು ಹೇಳಿದಳು. “ಆಮ್ಯಾಲೆ ನೋಡೋಣು” ಎಂದ ಅಜ್ಜ ಅದನ್ನು ಮರೆತರು.

ಫಲಿತಾಂಶ ಮಗನ ಮೊಬೈಲಿನಲ್ಲಿ ಬಂತು. ಹುಡುಗನ ಸಂಖ್ಯೆ ಆಯ್ಕೆಯಾಗಿತ್ತು, ಮೊಮ್ಮಗಳದು ಆಗಿರಲಿಲ್ಲ. ಹುಡುಗನ ಅಜ್ಜಿ ಉಳ್ಳಾಗಡ್ಡಿಯ ಬುಟ್ಟಿಯನ್ನು ಇಳಿಸಿ ಮಾಸ್ತರರ ಕಾಲಿಗೆ ಬಿದ್ದು ಹೋದಳು. ಮೊಮ್ಮಗಳು ಕಂಬಕ್ಕೆ ಆತು ನಿಂತಿದ್ದಳು. ಮಾಸ್ತರರು ಎದ್ದರು. ಮೂವತ್ತು ವರ್ಷಗಳ ಹಿಂದಿನ ಅದೇ ಮೌನ ಗಂಟಲಿಗೆ ಬಂದು ಕುಳಿತಿತು. ಕಾಲುಗಳು ಒಳಮನೆಯ ಕಡೆಗೆ ತಿರುಗಿದವು. ಹೊಸ್ತಿಲಲ್ಲಿ ಮಗನು ನಿಂತಿದ್ದನು. ಅವನು ಏನನ್ನೂ ಹೇಳಲಿಲ್ಲ; ನೋಡಿದನು, ಅಷ್ಟೇ.

ಮಾಸ್ತರರು ಒಳಗೆ ಹೋದರು. ಆದರೆ ಕೂಡಲೇ ಹೊರಬಂದರು. ಕೈಯಲ್ಲಿ ವೃತ್ತಪತ್ರಿಕೆಯ ಹಾಳೆಗಳಿದ್ದವು, ದಬ್ಬಣವಿತ್ತು. “ತಂಗೀ, ಆ ಚಿತ್ರ ಬಾಕಿ ಉಳದೈತಿ. ಬಾ, ಇಬ್ಬರೂ ಕೂಡಿ ಬಿಡಸೋಣು” ಎಂದರು. ದನಿ ನಡುಗಿತು, ಆದರೂ ಮಾತು ಹೊರಟಿತು. ಹುಡುಗಿ ಅಳುತ್ತಲೇ ಬಂದು ಕುಳಿತಳು. ನೆನಪಿನಿಂದ ಮಡಿಕೆಯನ್ನು ತೋರಿಸಿದಳು. ಮೊದಲ ಸಲ ಬರಲಿಲ್ಲ, ಎರಡನೆಯ ಸಲವೂ ಬರಲಿಲ್ಲ. ಆಗ ಕಟ್ಟೆಯ ಇನ್ನೊಂದು ಬದಿಗೆ ಯಾರೋ ಬಂದು ಕುಳಿತಂತಾಯಿತು. “ಅಪ್ಪಾ, ನನಗೂ ಒಂದು ಹಾಳಿ ಕೊಡ್ರಿ” ಎಂದನು ಮಗ.

ಹುಡುಗನು ಈಗ ನವೋದಯದಲ್ಲಿ ಓದುತ್ತಿದ್ದಾನೆ. ಹುಡುಗಿ ಊರಿನ ಶಾಲೆಯಲ್ಲಿ ಆರನೆಯ ತರಗತಿಗೆ ಸೇರಿದಳು. ಒಂಬತ್ತನೆಯ ತರಗತಿಯಲ್ಲಿ ಸ್ಥಾನಗಳು ತೆರವಾದರೆ ಇನ್ನೊಂದು ಪ್ರವೇಶ ಪರೀಕ್ಷೆ ನಡೆಯುವುದುಂಟು. ಅದನ್ನು ಬರೆಯುವಳೋ ಇಲ್ಲವೋ ಅವಳಿಗೆ ಬಿಟ್ಟದ್ದು. ಕಟ್ಟೆಯ ಪಾಠ ಮಾತ್ರ ನಿಂತಿಲ್ಲ. ಈ ವರ್ಷ ಅಲ್ಲಿ ಐದು ಮಕ್ಕಳು ಕೂಡುತ್ತಾರೆ. ಲಾಭನಷ್ಟದ ಲೆಕ್ಕವನ್ನು ಅವರಿಗೆ ಹೇಳಿಕೊಡುವವಳು ಮೊಮ್ಮಗಳೇ.

ಸ್ಥಾನಗಳು ಎಂಬತ್ತೇ, ಬರೆಯುವ ಮಕ್ಕಳು ಅದಕ್ಕಿಂತ ಅನೇಕ ಪಾಲು ಹೆಚ್ಚು. ಆದುದರಿಂದ ಯಾವ ಊರಿನಲ್ಲಿಯೂ ಆಯ್ಕೆಯಾಗದ ಮಕ್ಕಳ ಮನೆಗಳೇ ಅಧಿಕವಾಗಿರುವುವು. ಆ ಮನೆಗಳಲ್ಲಿ ಫಲಿತಾಂಶದ ಸಂಜೆ ಹಿರಿಯರು ಆಡುವ ಮೊದಲ ಮಾತು ಯಾವುದು ಎಂಬ ಪ್ರಶ್ನೆ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಮಗುವಿನ ಮುಂದಿನ ವಿದ್ಯೆಯೆಲ್ಲ ಅದರ ಉತ್ತರವನ್ನೇ ಕಾದು ನಿಂತಿರುತ್ತದೆ. ಮಗುವನ್ನು ಪರೀಕ್ಷೆಗೆ ಅಣಿಗೊಳಿಸುವವರು ಆ ಒಂದು ಮಾತಿಗೆ ತಮ್ಮನ್ನೂ ಅಣಿಗೊಳಿಸಿಕೊಳ್ಳಬೇಕು.