ಎರಡು ನಿಮಿಷದ ಮಾತು

ಪರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂದು ಹಂಬಲಿಸುವ ನಮ್ಮ ತರುಣ ತರುಣಿಯರಿಗೆ, ಪದವಿಯ ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ಬ್ಯಾಂಕಿನವರ ಸಾಲದ ಒಪ್ಪಿಗೆ ಇವೆಲ್ಲವೂ ಕೈಗೂಡಿದ ಮೇಲೆಯೂ ಒಂದು ಕಾರ್ಯ ಉಳಿದೇ ಇರುತ್ತದೆ. ತಮಗೆ ಇಂಗ್ಲಿಷು ಬರುತ್ತದೆಂಬುದನ್ನು ಅಪರಿಚಿತರ ಸಮಕ್ಷಮದಲ್ಲಿ ತೋರಿಸಿಕೊಡುವುದೇ ಆ ಕಾರ್ಯ. ಐಇಎಲ್‌ಟಿಎಸ್, ಟೋಫೆಲ್ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ಈ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ಮಕ್ಕಳು, ಇಂಗ್ಲಿಷು ಕಲಿಸುವುದರಲ್ಲಿಯೇ ಕೂದಲು ನರೆತ ನನ್ನಂಥವನ ಬಳಿಗೆ ಸಂಜೆಯ ಹೊತ್ತು ಬಂದು ಕುಳಿತುಕೊಳ್ಳುವುದುಂಟು. ಅವರೊಡನೆ ಕುಳಿತು ಆ ಪ್ರಶ್ನೆಗಳನ್ನು ಬಿಡಿಸುತ್ತ ಬಂದಂತೆಲ್ಲ, ಈ ಪರೀಕ್ಷೆಯ ವಿಷಯದಲ್ಲಿ ನನಗೆ ಮೊದಲಿದ್ದ ಔದಾಸೀನ್ಯ ಕಳೆದು, ಗೌರವವೂ ಕಳವಳವೂ ಒಟ್ಟಿಗೆ ಬೆಳೆದಿವೆ.

ಇಂಗ್ಲಿಷು ತಾಯ್ನುಡಿಯಲ್ಲದವರನ್ನು ಹೀಗೆ ಒರೆಗೆ ಹಚ್ಚುವ ಪದ್ಧತಿ ಇಂದು ನಿನ್ನೆಯದಲ್ಲ. 1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಪರದೇಶೀಯರಿಗಾಗಿ ಪ್ರಾವೀಣ್ಯ ಪರೀಕ್ಷೆಯೊಂದನ್ನು ಮೊದಲ ಬಾರಿಗೆ ನಡೆಸಿದಾಗ ಅದರ ಅವಧಿ 12 ಗಂಟೆಗಳಷ್ಟಿತ್ತು. ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ ಇವುಗಳಲ್ಲಿ ಉತ್ತರ ಬರೆದು ಮುಗಿಸಿದವನು ಬಳಿಕ ಉಕ್ತಲೇಖನ ಬರೆಯಬೇಕಾಗಿತ್ತು, ಗಟ್ಟಿಯಾಗಿ ಓದಬೇಕಾಗಿತ್ತು, ಪರೀಕ್ಷಕರೊಡನೆ ಸಂಭಾಷಿಸಬೇಕಾಗಿತ್ತು. ಅಂದು ಕುಳಿತವರು ಮೂವರು, ಒಬ್ಬರೂ ತೇರ್ಗಡೆಯಾಗಲಿಲ್ಲ. ಅರ್ಧ ಶತಮಾನ ಕಳೆದು 1964ರಲ್ಲಿ ಅಮೆರಿಕದಲ್ಲಿ ಟೋಫೆಲ್ ಆರಂಭವಾಗುವ ವೇಳೆಗೆ ಕಾಲದ ಒಲವು ಬೇರೆಯಾಗಿತ್ತು. ಸಾವಿರಾರು ಜನರನ್ನು ಒಂದೇ ಅಳತೆಗೋಲಿನಿಂದ, ಪಕ್ಷಪಾತಕ್ಕೆ ಎಡೆಯಿಲ್ಲದಂತೆ ಅಳೆಯಬೇಕೆಂಬ ಸದುದ್ದೇಶದಿಂದ, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ವಿಧಾನವನ್ನು ತಂದರು. ಅಭ್ಯರ್ಥಿಯು ಬಾಯಿ ತೆರೆಯದೆ, ಸ್ವಂತದ ಒಂದು ವಾಕ್ಯವನ್ನೂ ರಚಿಸದೆ, ಅದರಲ್ಲಿ ಉತ್ತೀರ್ಣನಾಗಬಹುದಾಗಿತ್ತು. ಬರವಣಿಗೆಯ ಪರೀಕ್ಷೆ ಅದಕ್ಕೆ ಸೇರಿದ್ದು 1986ರಲ್ಲಿ. ಅಂತರ್ಜಾಲದ ಮೂಲಕ ನಡೆಯತೊಡಗಿದ 2005ರಲ್ಲಿ ಮಾತೂ ಅದರ ಅಂಗವಾಯಿತು. ಇತ್ತ 1989ರಲ್ಲಿ ಬಂದ ಐಇಎಲ್‌ಟಿಎಸ್‌ನಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕಕ್ಕೂ ಸ್ಥಾನವಿದ್ದು, ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಒಬ್ಬ ಮನುಷ್ಯನೇ ಕುಳಿತಿರುತ್ತಾನೆ. ಇದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಮೆಚ್ಚುವುದಕ್ಕೆ ಕಾರಣವನ್ನು ಹೇಳಬೇಕಾದರೆ ನಮ್ಮ ತರಗತಿಗಳ ಕಡೆಗೆ ನೋಡಬೇಕು. ನಮ್ಮ ಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ಜಾಣ ಮಕ್ಕಳು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರೇ ಹೊರತು ಕಿವಿಯಿಂದ ಕಲಿತವರಲ್ಲ. ಬೆಂಗಳೂರಿನಲ್ಲಿ 1963ರಷ್ಟು ಹಿಂದೆಯೇ ದಕ್ಷಿಣ ಭಾರತದ ಉಪಾಧ್ಯಾಯರಿಗೆ ಇಂಗ್ಲಿಷು ಬೋಧನೆಯ ಶಿಕ್ಷಣ ಕೊಡುವುದಕ್ಕಾಗಿಯೇ ಒಂದು ಪ್ರಾದೇಶಿಕ ಸಂಸ್ಥೆ ಸ್ಥಾಪಿತವಾಯಿತು; ಅಲ್ಲಿ ತರಬೇತಿ ಪಡೆದು ಬಂದ ಉಪಾಧ್ಯಾಯರು ಪಟ್ಟ ಶ್ರಮವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅರುವತ್ತು ಮಕ್ಕಳಿರುವ ಕೊಠಡಿಯಲ್ಲಿ, ವರ್ಷಾಂತ್ಯದ ಪರೀಕ್ಷೆ ಬರವಣಿಗೆಯನ್ನಷ್ಟೇ ಬೇಡುತ್ತಿರುವಾಗ, ಒಬ್ಬೊಬ್ಬರನ್ನೂ ಮಾತನಾಡಿಸಲು ಯಾವ ಉಪಾಧ್ಯಾಯನಿಗೆ ತಾನೆ ಅವಕಾಶವುಂಟು? ಇದರ ಫಲ ಆಲಿಸುವ ಪರೀಕ್ಷೆಯಲ್ಲಿ ಗೋಚರವಾಗುತ್ತದೆ. ಸುಮಾರು 30 ನಿಮಿಷಗಳ ಆ ಧ್ವನಿಮುದ್ರಣ ಒಮ್ಮೆ ಮಾತ್ರ ಕೇಳಿಸುತ್ತದೆ. ಹೆಡ್‌ಫೋನು ತೊಟ್ಟು ಕುಳಿತ ಹುಡುಗನು, ಮುದ್ರಿತ ಪುಟದಲ್ಲಿ ಕಂಡಿದ್ದರೆ ನಿಮಿಷಾರ್ಧದಲ್ಲಿ ಅರ್ಥ ಹೇಳಬಹುದಾಗಿದ್ದ ಪದವನ್ನು, ಇಂಗ್ಲೆಂಡಿನವನೋ ಆಸ್ಟ್ರೇಲಿಯದವನೋ ಅರ್ಧ ನುಂಗಿ ಆಡಿದಾಗ ಗುರುತಿಸಲಾರದೆ, ಅದೇನಿರಬಹುದೆಂದು ಯೋಚಿಸುತ್ತಿರುವಷ್ಟರಲ್ಲಿ ಮುಂದಿನ ಎರಡು ಪ್ರಶ್ನೆಗಳ ಉತ್ತರ ಕಿವಿಯ ಪಕ್ಕದಲ್ಲಿಯೇ ಸಾಗಿಹೋಗಿರುತ್ತದೆ. ಓದಿನಲ್ಲಿ 7 ಪಡೆದವನು ಆಲಿಸುವುದರಲ್ಲಿ 5ಕ್ಕೆ ನಿಂತುಹೋಗುವುದನ್ನು ಕಂಡಾಗ, ಆ ಕೊರತೆ ಅವನದಲ್ಲ, ಅವನ ಕಿವಿಗೆ ಆ ನುಡಿಯನ್ನು ಕೇಳಿಸದೆ ಹೋದ ನಮ್ಮೆಲ್ಲರದೆಂದು ನನಗೆ ಅನಿಸುತ್ತದೆ.

ಇನ್ನು ಮಾತಿನ ಪರೀಕ್ಷೆ. ಒಟ್ಟು 11ರಿಂದ 14 ನಿಮಿಷಗಳ ಈ ಭೇಟಿಯ ನಡುಭಾಗದಲ್ಲಿ ಪರೀಕ್ಷಕರು ಒಂದು ಚೀಟಿಯನ್ನು ಮುಂದಿಡುತ್ತಾರೆ. ಅದರಲ್ಲಿ ಒಂದು ವಿಷಯವೂ ಅದಕ್ಕೆ ಸಂಬಂಧಿಸಿದ ಮೂರು ನಾಲ್ಕು ಸೂಚನೆಗಳೂ ಇರುತ್ತವೆ. ಯೋಚಿಸಿ ಗುರುತು ಹಾಕಿಕೊಳ್ಳಲು ಒಂದು ನಿಮಿಷ, ಆಮೇಲೆ ಎರಡು ನಿಮಿಷದವರೆಗೆ ಅಭ್ಯರ್ಥಿಯೊಬ್ಬನೇ ಮಾತನಾಡಬೇಕು. ವಿಷಯಗಳೆಲ್ಲ ಬಾಳಿನ ನಿತ್ಯದ ಸಂಗತಿಗಳು: ನೀವು ಮೆಚ್ಚುವ ಹಿರಿಯರು, ಮರೆಯಲಾಗದ ಪ್ರಯಾಣ, ಯಾರಿಂದಲೋ ಕಲಿತ ಕೆಲಸ. ಇದಕ್ಕಾಗಿ ಊರೂರಿನ ತರಬೇತಿ ಕೇಂದ್ರಗಳಲ್ಲಿ ಸಿದ್ಧ ಉತ್ತರಗಳನ್ನು ಬರೆಯಿಸಿ ಉರುಹೊಡೆಸುವುದು ರೂಢಿಯಾಗಿದೆ. ಕಂಠಪಾಠದ ಮಾತನ್ನು ಗುರುತಿಸುವುದರಲ್ಲಿ ಪರೀಕ್ಷಕರು ತರಬೇತಿ ಪಡೆದವರೆಂಬುದನ್ನು ಆ ಮಕ್ಕಳಿಗೆ ಯಾರೂ ತಿಳಿಸಿರುವುದಿಲ್ಲ.

ತಿಪಟೂರು ಸೀಮೆಯ ಹುಡುಗಿಯೊಬ್ಬಳು ಒಂದು ಸಂಜೆ ನನ್ನೆದುರು ಕುಳಿತು, ಕೆಲಸದಲ್ಲಿ ನಿಪುಣರಾದ ಹಿರಿಯರೊಬ್ಬರನ್ನು ಕುರಿತ ಚೀಟಿ ಹಿಡಿದು, ಪ್ರಸಿದ್ಧ ವಿಜ್ಞಾನಿಯೊಬ್ಬರ ವಿಷಯವನ್ನು ತಡೆಯಿಲ್ಲದೆ ಒಪ್ಪಿಸಿದಳು. ಅವಳ ಕಣ್ಣು ಮಾತ್ರ ಗೋಡೆಯ ಮೇಲಿತ್ತು.

“ಇವರನ್ನು ನೀನು ಕಂಡಿದ್ದೀಯೇನಮ್ಮ?” ಎಂದೆ.

“ಇಲ್ಲ ಸರ್, ಕೋಚಿಂಗಲ್ಲಿ ಬರೆಸಿದ್ದು.”

“ಕಂಡವರು ಯಾರನ್ನಾದರೂ ಹೇಳು.”

ತುಸು ತಡೆದು, “ನಮ್ಮಜ್ಜಿ ಕೊಬ್ಬರಿ ಮಾಡ್ತಾರೆ ಸರ್, ಅದನ್ನ ಹೇಳ್ಬೋದಾ?” ಎಂದಳು.

ಬಲಿತ ಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುವುದನ್ನೂ, ಒಳಗಿನ ನೀರು ಇಂಗಿ ತಿರುಳು ಒಣಗಿ ಕರಟದಿಂದ ಬಿಟ್ಟುಕೊಳ್ಳುವುದನ್ನೂ, ಅಜ್ಜಿ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಉಂಡೆ ಉರುಳುವ ಸದ್ದಿನಿಂದಲೇ ಇದು ಪಕ್ವವಾಗಿದೆ, ಇದಕ್ಕಿನ್ನೂ ಕಾಲ ಬೇಕೆಂದು ನಿರ್ಧರಿಸುವುದನ್ನೂ ಅವಳು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಕಾಲವಾಚಕಗಳು ಅಲ್ಲಲ್ಲಿ ತಪ್ಪಿದವು. ಅಟ್ಟಕ್ಕೆ ತಕ್ಕ ಮಾತು ತೋಚದೆ ಸೂರಿನ ಅಡಿಯ ಜಾಗವೆಂದು ಸುತ್ತಿ ಹೇಳಿದಳು. ಹೀಗೆ ಸುತ್ತಿಯಾದರೂ ಹೇಳಿ ಮುಟ್ಟಿಸುವುದನ್ನು ಈ ಪರೀಕ್ಷೆಯ ಮಾನದಂಡಗಳು ಒಂದು ಗುಣವೆಂದೇ ಎಣಿಸುತ್ತವೆ. ಮುಖ್ಯವಾದುದೆಂದರೆ, ಅವಳ ಎರಡು ಕೈಗಳೂ ಕಾಣದ ಕಾಯೊಂದನ್ನು ಹಿಡಿದು ಅಲ್ಲಾಡಿಸುತ್ತಿದ್ದವು, ಅವಳು ನನ್ನ ಮುಖ ನೋಡಿ ಮಾತನಾಡುತ್ತಿದ್ದಳು, ಮುಂದೇನೆಂದು ತಿಳಿಯುವ ಕುತೂಹಲ ನನ್ನಲ್ಲಿ ಹುಟ್ಟಿತ್ತು. ಎರಡು ನಿಮಿಷ ಕಳೆದುದು ಇಬ್ಬರ ಗಮನಕ್ಕೂ ಬರಲಿಲ್ಲ. ಕನ್ನಡದಲ್ಲಿ ಬಾಳಿ ಕಂಡುದೇ ಇಂಗ್ಲಿಷಿನ ಮಾತಿಗೆ ಬಂಡವಾಳವಾಗಬಲ್ಲುದೆಂಬ ನನ್ನ ನಂಬಿಕೆ ಅಂದಿನಿಂದ ದೃಢವಾಗಿದೆ. ನಮ್ಮ ಮಕ್ಕಳಲ್ಲಿ ಹೇಳುವುದಕ್ಕೆ ಇಲ್ಲವೆಂಬುದು ಸುಳ್ಳು, ತಮ್ಮಲ್ಲಿರುವುದು ಪರೀಕ್ಷೆಗೆ ಯೋಗ್ಯವಲ್ಲವೆಂದು ಅವರಿಗೆ ಯಾರೋ ನಂಬಿಸಿದ್ದಾರೆ.

ಈ ಪರೀಕ್ಷೆಯ ಬಗೆಗೆ ನನ್ನ ಆಕ್ಷೇಪಣೆ ಬೇರೊಂದು ಕಡೆಯಲ್ಲಿದೆ. 15,000 ರೂಪಾಯಿಗೂ ಮಿಕ್ಕ ಶುಲ್ಕ ತೆತ್ತು ಪಡೆದ ಅಂಕಗಳಿಗೆ ಮಾನ್ಯತೆ ಎರಡು ವರ್ಷ ಮಾತ್ರ. ಪ್ರವೇಶ ದೊರೆತೂ ಹಣ ಒದಗದೆ ನಿಂತವನು, ಮನೆಯಲ್ಲಿ ಕಾಯಿಲೆಯಾಗಿ ಹೊರಡಲಾರದೆ ಹೋದವಳು, ಅವಧಿ ಮೀರಿದರೆ ಅಷ್ಟೇ ಹಣ ತೆತ್ತು ಮತ್ತೆ ಕುಳಿತುಕೊಳ್ಳಬೇಕು. ತೋಟದ ಒಂದು ಕೊಯ್ಲನ್ನು ನೆಚ್ಚಿ ಬದುಕುವ ಮನೆಗೆ ಈ ಮೊತ್ತ ಅಲ್ಪವಲ್ಲ. ಭಾಷೆ ಬಳಸದಿದ್ದರೆ ಮಾಸುತ್ತದೆಂಬ ಸಮರ್ಥನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಶುಲ್ಕದ ಭಾರ ಎಲ್ಲರಿಗೂ ಒಂದೇ ಆಗಿರುವುದು ನ್ಯಾಯವಲ್ಲವೆಂದಷ್ಟೇ ನನ್ನ ಮಾತು. ನಮ್ಮ ಸರಕಾರಿ ಕಾಲೇಜುಗಳು ಬಡ ಮಕ್ಕಳಿಗೆ ಒಮ್ಮೆಯಾದರೂ ಈ ವೆಚ್ಚವನ್ನು ವಹಿಸಿಕೊಡುವಂತಾದರೆ, ಪುಸ್ತಕಭಂಡಾರದ ಒಂದು ಮೂಲೆಯಲ್ಲಿ ನಾಲ್ಕು ಹೆಡ್‌ಫೋನುಗಳನ್ನಿಟ್ಟು ದಿನವೂ ಅರ್ಧ ಗಂಟೆ ಆಲಿಸಲು ಅನುವು ಮಾಡಿಕೊಟ್ಟರೆ, ಅನೇಕರ ದಾರಿ ಸುಗಮವಾದೀತು.

ಪರೀಕ್ಷೆಗೆ ಹೊರಡುವವರಿಗೆ ಒಂದು ಮಾತನ್ನು ತಪ್ಪದೆ ಹೇಳಿ ಕಳುಹಿಸುತ್ತೇನೆ. ಆಲಿಸುವ ಪರೀಕ್ಷೆಯ ಧ್ವನಿಮುದ್ರಣ ಮರಳಿ ನುಡಿಯುವುದಿಲ್ಲ. ಆದರೆ ಮಾತಿನ ಕೋಣೆಯಲ್ಲಿ ಕುಳಿತ ಪರೀಕ್ಷಕರ ಪ್ರಶ್ನೆ ಕೇಳಿಸದಿದ್ದರೆ, ಮತ್ತೊಮ್ಮೆ ಹೇಳಿರೆಂದು ವಿನಯದಿಂದ ಕೇಳಿಕೊಳ್ಳಬಹುದು, ಅದಕ್ಕೆ ಅಂಕ ಕಳೆಯುವುದಿಲ್ಲ. ಮರಳಿ ಕೇಳುವುದನ್ನೇ ಅಪರಾಧವೆಂದು ಭಾವಿಸುತ್ತ ಬೆಳೆದ ಮಕ್ಕಳು ಈ ಮಾತನ್ನು ಸುಲಭವಾಗಿ ನಂಬುವುದಿಲ್ಲ. ಆದುದರಿಂದ ನನ್ನೆದುರಿಗೇ ಅವರಿಂದ ಹಾಗೆ ಕೇಳಿಸಿ, ಬಾಯಿಗೆ ಅಭ್ಯಾಸವಾಗುವವರೆಗೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಹೇಳುತ್ತೇನೆ.